ಇಲಿಯಕ್ಕ ಕದ್ದು ಕೊಟ್ಟ ತುತ್ತು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅವರು ಆಗಲೇ ಎರಡನೇ ಜೊತೆ ಕೈಗವಸು ಏರಿಸಿಕೊಳ್ಳುತ್ತಿದ್ದಾರೆ. ಮೊದಲನೇ ಜೊತೆಯ ಅಂಚನ್ನು ನಿಲುವಂಗಿಯ ತೋಳಿಗೆ ಸೇರಿಸಿ ಟೇಪು ಸುತ್ತಿದ್ದಾಗಿದೆ. ತಲೆಯಿಂದ ಹೆಗಲವರೆಗೆ ಇಳಿದ ಬಿಳಿ ಮುಸುಕು, ಮುಖದ ಮುಂದೆ ಪಾರದರ್ಶಕ ಹಾಳೆ. ಸೊಂಟದ ಪಟ್ಟಿಗೆ ಸಿಕ್ಕಿಸಿದ ಪುಟ್ಟ ಯಂತ್ರವೊಂದು ಗುಂಯ್‌ಗುಡುತ್ತ ಮುಸುಕಿನೊಳಗೆ ಸೋಸಿದ ಗಾಳಿ ತುಂಬುತ್ತಿದೆ. ನಾನು ಕಾರಿಡಾರಿನಲ್ಲಿ ದಪ್ಪ ಗಾಜಿನ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದೇನೆ. ಒಳಗೆ ಹೋಗಲು ನನಗೆ ಅಪ್ಪಣೆ ಇಲ್ಲ. ಇದ್ದಿದ್ದರೆ ಹೋಗುತ್ತಿದ್ದೆನೇ ಎಂದು ದಯವಿಟ್ಟು ಕೇಳಬೇಡಿ.

ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟು, ಅದರ ತುಂಬ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳು. ಅರ್ಧಕ್ಕೆ ಹಳದಿ ಚೀಟಿ, ಇನ್ನರ್ಧಕ್ಕೆ ನೀಲಿ ಚೀಟಿ. ಅವರು ಒಂದು ಪೆಟ್ಟಿಗೆಯನ್ನು ಎಳೆದು, ಗಾಳಿ ಹೀರಿಕೊಳ್ಳುವ ಗಾಜಿನ ಗೂಡಿನೊಳಗಿಟ್ಟು ಮುಚ್ಚಳ ತೆಗೆಯುತ್ತಾರೆ. ಪ್ರಯೋಗದ ಇಲಿ ಎಂದರೆ ಬಿಳಿ ಮೈ, ಕೆಂಪು ಕಣ್ಣು ಎಂದುಕೊಂಡು ಬಂದಿದ್ದೆ. ಇವು ಕಪ್ಪಗಿವೆ, ಹೆಬ್ಬೆರಳಿಗಿಂತ ತುಸು ದೊಡ್ಡವು. ಬಾಲದ ಬುಡ ಹಿಡಿದು ಎತ್ತಿ, ಇನ್ನೊಂದು ಅಂಗೈ ಮೇಲೆ ಇಳಿಸಿ, ಅದು ಸಾವರಿಸಿಕೊಳ್ಳುವವರೆಗೆ ಕಾದು, ಆಮೇಲೆ ತಕ್ಕಡಿಯ ಮೇಲಿನ ಡಬ್ಬಿಗೆ ಬಿಡುತ್ತಾರೆ. ಮುಸುಕಿನೊಳಗಿನ ಮೈಕಿನಲ್ಲಿ ತೂಕ ಹೇಳುತ್ತಾರೆ. ಬಾಗಿಲು ತೆರೆದೇ ಇರುವ ಪಕ್ಕದ ಕೋಣೆಯಲ್ಲಿ ಸ್ಪೀಕರು, ಕಂಪ್ಯೂಟರಿನ ಮುಂದೆ ಕೂತ ಹಿರಿಯರೊಬ್ಬರು ಅದನ್ನೇ ಮರಳಿ ಹೇಳಿ ಬರೆದುಕೊಳ್ಳುತ್ತಾರೆ. ಇವರನ್ನು ಎಲ್ಲರೂ ಕರೆಯುವುದು ಕನ್ನಡಕದಣ್ಣ ಎಂದು.

"ಕೂದಲು?" ಎಂದು ಕನ್ನಡಕದಣ್ಣ ಕೇಳುತ್ತಾರೆ.

"ಕೆದರಿದೆ."

"ಬೆನ್ನು?"

"ಗೂನು."

"ಓಡಾಟ?"

"ತಟ್ಟಿದ್ರೆ ಒಂದೆರಡು ಹೆಜ್ಜೆ. ಅಷ್ಟೇ." ಕೊನೆಯ ಮಾತು ಹೇಳುವಾಗ ಒಳಗಿನವರ ದನಿ ಇಳಿಯುತ್ತದೆ. ಕನ್ನಡಕದಣ್ಣ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಪರದೆಗೆ ಕಣ್ಣು ನೆಡುತ್ತಾರೆ.

ಒಳಗಿರುವವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹಾಗೆಂದು ಅವರೇ ಕೇಳಿಕೊಂಡಿದ್ದಾರೆ. ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು 'ಇಲಿಯಕ್ಕ'. ಹಾಗೆ ಕರೆದರೆ ಬೇಜಾರಿಲ್ಲವೇ ಎಂದು ಕೇಳಿದೆ. "ಅಕ್ಕ ಅಂತಾರಲ್ಲ, ಸಾಕು ಬಿಡಿ. ಬರೀ ಇಲಿ ಅಂದಿದ್ರೆ ಏನು ಮಾಡೋಕಾಗ್ತಿತ್ತು?" ಎಂದು ನಕ್ಕರು. ಅವರ ನಗುವನ್ನು ನಾನು ನೋಡಿದ್ದು ಅದೊಂದೇ ಸಲ.

ಸಾಂಕ್ರಾಮಿಕ ಶುರುವಾಗುವ ಮುಂಚೆ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಪೆಟ್ಟಿಗೆ, ನೀರಿನ ಬಾಟಲಿ ತೊಳೆಯುವುದು ಅವರ ಕೆಲಸವಾಗಿತ್ತು. ಬಿಸಿನೀರಿನ ಹಬೆ, ಸೋಪಿನ ನೀರು, ಸದಾ ಸುಕ್ಕುಗಟ್ಟಿದ ಬೆರಳು. ಕೊರೋನಾ ವೈರಸ್ಸಿನ ಕೋಣೆ ತೆರೆದಾಗ ಒಳಗೆ ಹೋಗುವವರು ಯಾರು ಎಂದು ಸಭೆ ಕರೆದರು. ಎಲ್ಲರಿಗೂ ಏಕಾಏಕಿ ನೆಲದ ಟೈಲ್ಸಿನ ಮೇಲೆ ಪ್ರೀತಿ ಹುಟ್ಟಿತು. ಇವರು ಕೈ ಎತ್ತಿದರು. ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಬಲು ಸರಳ: "ಮನೇಲಿ ಅತ್ತೆಗೆ ಆಗಲೇ ಬಂದು ಹೋಗಿತ್ತು ಸರ್. ಆಸ್ಪತ್ರೇಲಿ ಜಾಗ ಸಿಗ್ಲಿಲ್ಲ. ನಾನೇ ನೋಡ್ಕೊಂಡೆ. ಅದಕ್ಕಿಂತ ಹೆದರಿಕೆ ಇನ್ನೇನಿದೆ ಅನ್ನಿಸ್ತು."

ಕೆಲಸ ಏನೆಂದು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ವೈರಸ್ಸಿನ ಹೊಸ ರೂಪಾಂತರಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ಇದು ಹಳೆಯದಕ್ಕಿಂತ ಜೋರೋ ಮೆತ್ತಗೋ ಎಂಬುದು. ಉತ್ತರ ಹುಡುಕುವ ದಾರಿಗಳಲ್ಲಿ ಈ ಕೋಣೆಯೂ ಒಂದು. ಮನುಷ್ಯರಂತೆ ಸೋಂಕು ತಗಲುವ ಹಾಗೆ ಬೆಳೆಸಿದ ಇಲಿಗಳ ಮೂಗಿಗೆ, ಮಂಪರು ಬರಿಸಿ, ವೈರಸ್ಸಿನ ಹನಿ ಬಿಡುತ್ತಾರೆ. ಅರ್ಧಕ್ಕೆ ಒಂದು ತಳಿ, ಅರ್ಧಕ್ಕೆ ಇನ್ನೊಂದು. ಹಳದಿ ಯಾವುದು, ನೀಲಿ ಯಾವುದು ಎಂಬುದು ಇಲಿಯಕ್ಕನಿಗೆ ಗೊತ್ತಿರುವುದಿಲ್ಲ, ಗೊತ್ತಿರಬಾರದು. ದಿನಾ ಬೆಳಗ್ಗೆ ತೂಕ ಹಾಕಬೇಕು, ಮೈ ನೋಡಬೇಕು. ಆರೋಗ್ಯವಾಗಿರುವ ಇಲಿ ಇಪ್ಪತ್ತು ಗ್ರಾಂ ಆಸುಪಾಸು ತೂಗುತ್ತದೆ. ಅದರಲ್ಲಿ ಐದನೇ ಒಂದು ಪಾಲು ಇಳಿಯಿತೆಂದರೆ, ಅಂದರೆ ಒಂದು ಪುಟ್ಟ ಚಮಚ ಸಕ್ಕರೆಯಷ್ಟು, ಅದನ್ನು ಇನ್ನು ನರಳಲು ಬಿಡುವಂತಿಲ್ಲ. ಬೇರೆ ಡಬ್ಬಿಗೆ ಹಾಕಿ ಗ್ಯಾಸು ಬಿಟ್ಟು ಮುಗಿಸಬೇಕು. ಆ ಗುಂಡಿ ಒತ್ತುವುದೂ ಇಲಿಯಕ್ಕನೇ. ಆಮೇಲೆ ಶ್ವಾಸಕೋಶ ಪರೀಕ್ಷೆಗೆಂದು ಮೇಲಿನ ಮಹಡಿಗೆ ಹೋಗುತ್ತದೆ.

ಇದನ್ನೆಲ್ಲ ಕೇಳಿ ನಾನು ಬರುವಾಗಲೇ ತಲೆಬರಹ ಹೊಲಿದುಕೊಂಡು ಬಂದಿದ್ದೆ: 'ನಮ್ಮನ್ನು ಉಳಿಸಿದ ಕೈಗಳು.' ಹಾಗೊಂದು ತಲೆಬರಹ ಕೊಟ್ಟರೆ ನಮ್ಮ ಪುರವಣಿಯ ಸಂಪಾದಕರು ಒಂದು ಪುಟ ಜಾಸ್ತಿ ಕೊಡುತ್ತಾರೆ. ಕೆಲಸ ಮುಗಿಸಿ, ಸ್ನಾನ ಮಾಡಿ (ಆ ಕೋಣೆಯಿಂದ ಸ್ನಾನ ಮಾಡದೆ ಯಾರೂ ಹೊರಬರುವಂತಿಲ್ಲ), ಒದ್ದೆ ಕೂದಲನ್ನು ಟವೆಲ್ಲಿನಲ್ಲಿ ಸುತ್ತಿ ಟೀ ಕುಡಿಯಲು ಬಂದ ಇಲಿಯಕ್ಕನಿಗೆ ಆ ತಲೆಬರಹ ಹೇಳಿದೆ. ಅವರ ಮುಖ ಕೆಂಪಾಯಿತು. ಸಂಕೋಚ ಎಂದುಕೊಂಡೆ. ಲೋಟ ಕೆಳಗಿಟ್ಟು, "ಹಾಗೆ ಬರೀಬೇಡಿ ಸರ್. ಬರೆಯೋದೇ ಆದ್ರೆ ನಾನು ಮಾಡಿದ್ದನ್ನ ಬರೀರಿ," ಎಂದರು. ಅವರು ಮಾಡಿದ್ದು ಇದು.

ಈಗ ನಡೆಯುತ್ತಿರುವುದು ಎರಡನೇ ಸುತ್ತು. ಕೆಲವು ತಿಂಗಳ ಹಿಂದೆ ಇದೇ ಪ್ರಯೋಗದ ಮೊದಲ ಸುತ್ತು ನಡೆದಿತ್ತು. ನಾಲ್ಕನೇ ದಿನಕ್ಕೆ ಕೆಲವು ಪೆಟ್ಟಿಗೆಗಳ ಇಲಿಗಳು ಮೂಲೆಯಲ್ಲಿ ಮುದುಡಿ ಕೂತವು. ಅವುಗಳ ಆಹಾರ ಗಟ್ಟಿ ಗುಳಿಗೆ. ಪೆಟ್ಟಿಗೆಯ ಮುಚ್ಚಳದ ಜಾಲರಿಯಲ್ಲಿ ಅದನ್ನು ಇಟ್ಟಿರುತ್ತಾರೆ, ಇಲಿ ಹಿಂಗಾಲ ಮೇಲೆ ನಿಂತು ಕಡಿದು ತಿನ್ನಬೇಕು. ಇವಕ್ಕೆ ನಿಲ್ಲಲೂ ತ್ರಾಣ ಇರಲಿಲ್ಲ. ಇಲಿಯಕ್ಕ ಎರಡು ಗುಳಿಗೆಯನ್ನು ನೀರಿನಲ್ಲಿ ನೆನೆಸಿ, ಬೆರಳಿನಲ್ಲಿ ಕಿವುಚಿ, ಮೆತ್ತಗೆ ಮಾಡಿ ಅವುಗಳ ಮೂತಿಯ ಹತ್ತಿರ ಇಟ್ಟರು. ತಿಂದವು. ಮರುದಿನವೂ ಇಟ್ಟರು. ಯಾರಿಗೂ ಹೇಳಲಿಲ್ಲ.

"ಅತ್ತೆ ಮಲಗಿದ್ದಾಗ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ಚಮಚದಲ್ಲಿ ಕೊಡ್ತಿದ್ದೆ. ಒಂದು ತುತ್ತು ಇಳಿದ್ರೆ ಗೆದ್ದೆ ಅನ್ನೋ ಹಾಗಿರ್ತಿತ್ತು," ಎನ್ನುತ್ತಾರೆ. "ಇವುನ್ನ ನೋಡಿದಾಗ ಅದೇ ನೆನಪಾಯ್ತು. ಕೈ ತಾನಾಗೇ ಹೋಯ್ತು ಸರ್. ಅಲ್ಲ, ತಾನಾಗೇ ಹೋಯ್ತು ಅನ್ನೋದು ಸುಳ್ಳು. ಬಾಗಿಲ ಕಡೆ ಬೆನ್ನು ಮಾಡಿ ಇಟ್ಟೆ. ಅಂದ್ರೆ ಗೊತ್ತಿತ್ತು."

ಮೆತ್ತನೆ ಆಹಾರ ಸಿಕ್ಕಿದ್ದು ಎಲ್ಲಕ್ಕೂ ಅಲ್ಲ, ತೀರಾ ಸೊರಗಿದವಕ್ಕೆ ಮಾತ್ರ. ತೀರಾ ಸೊರಗಿದವು ಹೆಚ್ಚುಕಡಿಮೆ ಎಲ್ಲವೂ ಹಳದಿ ಚೀಟಿಯವು. ಹೀಗಾಗಿ ಹಳದಿ ಗುಂಪಿನ ತೂಕ ಇಳಿಯಬೇಕಾದಷ್ಟು ಇಳಿಯಲಿಲ್ಲ. ಎರಡು ಗುಂಪಿನ ತೂಕದ ಗೆರೆಗಳೂ ಪರದೆಯ ಮೇಲೆ ಒಂದರ ಪಕ್ಕ ಒಂದು ನಡೆದವು. ಯಾವ ತಳಿ ಹೆಚ್ಚು ಕ್ರೂರ ಎಂದು ಹೇಳಬೇಕಿದ್ದ ತಕ್ಕಡಿ ಎರಡೂ ಒಂದೇ ಎಂದುಬಿಟ್ಟಿತು. ಆಸ್ಪತ್ರೆಗಳು ಎಷ್ಟು ಸಜ್ಜಾಗಿರಬೇಕು ಎಂದು ಅಂದಾಜು ಮಾಡುವವರು ಇಂಥ ಹೋಲಿಕೆಗಳನ್ನೂ ನೋಡುತ್ತಾರೆ. ಅಲ್ಲಿಗೆ ಈ ಸುಳ್ಳು ತಲುಪಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಇಲಿಯಕ್ಕನಿಗೆ ಅನ್ನ ಸೇರುವುದಿಲ್ಲ.

ಸುಳ್ಳು ಹೊರಗೆ ಹೋಗಲಿಲ್ಲ, ಏಕೆಂದರೆ ಶ್ವಾಸಕೋಶಕ್ಕೆ ಯಾರೂ ಮೆತ್ತನೆ ತುತ್ತು ಕೊಟ್ಟಿರಲಿಲ್ಲ. ಪ್ರಯೋಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ವಯಸ್ಸಿನಲ್ಲಿ ಇಲಿಯಕ್ಕನಿಗಿಂತ ಚಿಕ್ಕವರು. ಅವರು ಹೇಳುವುದು ಹೀಗೆ: "ತೂಕ ನೋಡಿದ್ರೆ ಎರಡೂ ಗುಂಪು ಒಂದೇ. ಸೂಕ್ಷ್ಮದರ್ಶಕದಲ್ಲಿ ಶ್ವಾಸಕೋಶ ನೋಡಿದ್ರೆ ಹಳದಿ ಗುಂಪಿಂದು ಪೂರ್ತಿ ಹಾಳಾಗಿದೆ. ಎರಡೂ ಹೇಗೆ ನಿಜ ಆಗುತ್ತೆ? ತಕ್ಕಡಿ ಕೆಟ್ಟಿದೆಯಾ ಅಂತ ನೋಡಿಸಿದೆ. ಸರಿಯಾಗಿತ್ತು. ಹಾಗಾದ್ರೆ ಅಂಕಿ ಬರೆದುಕೊಂಡಿದ್ದೇ ತಪ್ಪಿರಬೇಕು ಅಂತ ತೀರ್ಮಾನಕ್ಕೆ ಬಂದೆ. ಆ ತೀರ್ಮಾನ ನನ್ನ ತಪ್ಪು. ಅದನ್ನೂ ಬರ್ಕೊಳ್ಳಿ."

ಅಂಕಿ ಬರೆದುಕೊಂಡವರು ಕನ್ನಡಕದಣ್ಣ. ನಿವೃತ್ತಿಗೆ ಹತ್ತಿರವಾದವರು, ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ. ಇಂಥವರ ಮೇಲೆ ಅನುಮಾನ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಅವರಿಗೇ ಆಗಲಿಲ್ಲ. "ಮೈಕಲ್ಲಿ ಹೇಳಿದ್ದನ್ನ ನಾನೇ ಒಂದಕ್ಕೆ ಇನ್ನೊಂದು ಬರ್ಕೊಂಡಿರಬೇಕು ಅನ್ನಿಸ್ತು. ವಯಸ್ಸಾಯ್ತಲ್ಲ," ಎಂದು ನನ್ನ ಮುಂದೆ ಸಲೀಸಾಗಿ ಹೇಳಿದರು. ಅಂದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಸರಿಯಾಗೇ ಇದ್ದ ಕನ್ನಡಕ ಬಿಟ್ಟು ಹೊಸದು ಮಾಡಿಸಿಕೊಂಡು ಬಂದರು. ಅದನ್ನು ಹಾಕಿಕೊಂಡು ಕೆಲಸಕ್ಕೆ ಬಂದ ಬೆಳಗ್ಗೆ, "ಇನ್ನು ಮೇಲೆ ತಪ್ಪಾಗಲ್ಲ ಮೇಡಂ," ಎಂದು ಕೈಕಟ್ಟಿ ನಿಂತಿದ್ದನ್ನು ಇಲಿಯಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು ಸರ್. ನನ್ನ ತಪ್ಪಿಗೆ ಅಣ್ಣ ಹೊಸ ಕನ್ನಡಕ ಹಾಕ್ಕೊಂಡು ನಿಂತಿದಾರೆ. ಅಲ್ಲೇ ಹೇಳಿಬಿಟ್ಟೆ. ಹೇಗೆ ಹೇಳಿದೆ ಅಂತ ನೆನಪಿಲ್ಲ. ಅಳು ಬಂತು. ಅಳಬಾರದಿತ್ತು. ಅತ್ತರೆ ಬೈಯೋರಿಗೂ ಬೈಯೋಕಾಗಲ್ಲ, ಅದು ಮೋಸ."

ದೊಡ್ಡ ಮೇಡಂ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಮೆತ್ತಗೆ ಮಾಡಿ ಕೊಡಬಹುದಾ ಅಂತ ನನ್ನನ್ನ ಯಾಕೆ ಕೇಳ್ಲಿಲ್ಲ?"

ಇಲಿಯಕ್ಕ ಕೇಳದಿದ್ದುದಕ್ಕೆ ಕಾರಣ ಇತ್ತು. ಬಹಳ ಹಿಂದೆ, ಪೆಟ್ಟಿಗೆ ತೊಳೆಯುವ ಕಾಲದಲ್ಲಿ, ಸತ್ತ ಇಲಿಯೊಂದನ್ನು ಕಂಡು ಅಯ್ಯೋ ಎಂದಿದ್ದಕ್ಕೆ ಜೊತೆಯವರು ವಾರಗಟ್ಟಲೆ ಆಡಿಕೊಂಡಿದ್ದರು. 'ಇಲಿ ತಾಯಿ ಬಂದ್ಲು, ದಾರಿ ಬಿಡಿ' ಎನ್ನುತ್ತಿದ್ದರಂತೆ. ಓದಿದವರ ನಡುವೆ ಅಯ್ಯೋ ಎನ್ನುವುದು ದಡ್ಡತನ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಆದ್ದರಿಂದ ಕರುಣೆಯನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ಒಳಗೆ ಹೋದರು.

"ಕೇಳಿದ್ರೆ ಕೊಡ್ತಿದ್ರು," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. "ಅದೇ ಸರ್ ನನ್ನ ಹೊಟ್ಟೆ ಉರಿಯೋದು. ಎಲ್ಲಾ ಪೆಟ್ಟಿಗೆಗೂ ಒಂದೇ ಅಳತೆ ಕೊಟ್ರೆ ಲೆಕ್ಕ ಕೆಡಲ್ಲ ಅಂತ ಮೇಡಂ ಅಂದ್ರು. ಈಗ ಹಾಗೇ ಕೊಡ್ತಿದೀವಿ, ಹಳದಿಗೂ ನೀಲಿಗೂ, ಹುಷಾರಾಗಿರೋದಕ್ಕೂ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದಿದ್ರೆ ಇಷ್ಟೇ ಇತ್ತು. ಕೇಳೋಕೆ ನಾಚಿಕೆ ಪಟ್ಟೆ. ಅದಕ್ಕೆ ಅಷ್ಟೂ ಇಲಿ ದಂಡ."

ದಂಡ ಎಂದರೆ ಅಕ್ಷರಶಃ ದಂಡ. ಮೊದಲ ಸುತ್ತಿನ ತೂಕದ ಲೆಕ್ಕವನ್ನೆಲ್ಲ ಪಕ್ಕಕ್ಕಿಡಬೇಕಾಯಿತು. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ದೊಡ್ಡ ಮೇಡಂ ನಡೆದದ್ದನ್ನು ನಡೆದ ಹಾಗೆ ಹೇಳಿ, ಅಷ್ಟೇ ಇಲಿಗಳನ್ನು ಮತ್ತೆ ಕೇಳಿ ತಂದರು. ನಾಲ್ಕಾರು ಇಲಿಗಳ ನೋವು ನೋಡಲಾರದೆ ಕೊಟ್ಟ ತುತ್ತಿನಿಂದ ಇನ್ನೊಂದು ಕೋಣೆ ತುಂಬ ಇಲಿಗಳು ಅದೇ ನೋವಿಗೆ ಬಂದವು. ಇದನ್ನು ಬರೆಯುವಾಗ ನನ್ನ ಕೈಯೇ ಭಾರವಾಗುತ್ತಿದೆ. ದಿನಾ ಬೆಳಗ್ಗೆ ಅವುಗಳ ಮುಚ್ಚಳ ತೆಗೆಯುವವರ ಕೈ ಹೇಗಿರಬೇಕು?

ನನ್ನನ್ನು ಬಿಟ್ಟುಬಿಡಿ, ಮತ್ತೆ ನೆಲಮಾಳಿಗೆಗೆ ಹೋಗುತ್ತೇನೆ ಎಂದು ಇಲಿಯಕ್ಕ ಬೇಡಿಕೊಂಡರಂತೆ. ದೊಡ್ಡ ಮೇಡಂ ಒಪ್ಪಲಿಲ್ಲ. ಪಳಗದ ಕೈ ಮುಟ್ಟಿದರೆ ಇಲಿಗಳು ಹೆದರುತ್ತವೆ, ಹೆದರಿದ ಇಲಿ ತಿನ್ನುವುದಿಲ್ಲ, ತೂಕ ಮತ್ತೆ ಹೆಚ್ಚುಕಡಿಮೆಯಾಗುತ್ತದೆ. "ನಿಮ್ಮ ಕೈಗೆ ಅವು ಬೇಗ ಹೊಂದಿಕೊಳ್ತವೆ. ನೀವೇ ಮಾಡಬೇಕು," ಎಂದರು. ಶಿಕ್ಷೆ ಎಂದು ಹೇಳಿದ್ದಲ್ಲ. ಆದರೆ ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಹೊಳೆಯುತ್ತಿಲ್ಲ. ಹಳದಿ ಪೆಟ್ಟಿಗೆಗಳು ಈ ಸಲ ನೀಲಿಗಿಂತ ಬೇಗ ಖಾಲಿಯಾಗುತ್ತಿವೆ. ತೂಕವೂ ಶ್ವಾಸಕೋಶವೂ ಒಂದೇ ಮಾತು ಹೇಳುತ್ತಿವೆ.

ಸಂಜೆ ಅವರ ಜೊತೆ ಮನೆಗೆ ಹೋದೆ. ಕಿರಿದಾದ ಮೆಟ್ಟಿಲು ಹತ್ತಿ, ಎರಡು ಕೋಣೆಯ ಬಾಡಿಗೆ ಮನೆ. ಗಂಡ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಅಪರೂಪ. ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಹರಿತ. ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಇಲಿಯಕ್ಕ ನನ್ನ ಕಿವಿಯಲ್ಲಿ ಉಸುರಿದರು: "ಅವರಿಗೆ ಇಲಿ ವಿಷಯ ಗೊತ್ತಿಲ್ಲ. ಆಸ್ಪತ್ರೇಲಿ ಮಕ್ಕಳ ವಾರ್ಡಲ್ಲಿ ಊಟ ಕೊಡೋ ಕೆಲಸ ಅಂತ ಹೇಳಿದೀನಿ." ಚಪ್ಪಲಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

"ಪೇಪರಿನವರಾ? ಕೂತ್ಕೋಪ್ಪ," ಎಂದರು ಅತ್ತೆ. "ಬರಿ, ಚೆನ್ನಾಗಿ ಬರಿ. ನಾನು ಸಾಯೋಕೆ ಬಿದ್ದಿದ್ದೆ. ಮೂಗಿಗೆ ವಾಸನೆ ಇಲ್ಲ, ಬಾಯಿಗೆ ರುಚಿ ಇಲ್ಲ, ನೀರು ಇಳೀತಿರಲಿಲ್ಲ. ನನ್ನ ಮಗ ಊರೂರು ಸುತ್ತುತಾ ಇದ್ದ. ಇವಳು ಚಮಚ ಚಮಚ ತಿನ್ನಿಸಿ ಎಬ್ಬಿಸಿದ್ಲು. ಇವಳ ಕೈಗುಣ ಅಂಥದ್ದು. ಆ ಮಕ್ಕಳು ಪುಣ್ಯ ಮಾಡಿದಾವೆ ಬಿಡು."

ಇಲಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಅತ್ತೆ ಅತ್ತ ತಿರುಗಿ, "ಅಲ್ವೇನೇ, ಆ ಮಕ್ಕಳು ಬೇಗ ಹುಷಾರಾಗ್ತಾವಾ?" ಎಂದು ಕೇಳಿದರು.

"ಆಗ್ತಾವೆ ಅತ್ತೆ," ಎಂದರು ಇಲಿಯಕ್ಕ.

ಅತ್ತೆ ನನ್ನ ಕಡೆ ತಿರುಗಿ, "ನೀನೂ ನೋಡಿದ್ಯಾ ಮಕ್ಕಳನ್ನ?" ಎಂದರು. ಹೂಂ ಎಂದೆ. ಎರಡು ದಶಕದಿಂದ ಜನರ ಮನೆಯಲ್ಲಿ ಕೂತು ನಿಜ ಬರೆದುಕೊಳ್ಳುವ ಕೆಲಸ ನನ್ನದು. ಆ ಹೂಂ ಗಂಟಲಿನಿಂದ ಎಷ್ಟು ಸರಾಗವಾಗಿ ಹೊರಬಂತೆಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಕೊಟ್ಟ ಟೀ ಕುಡಿದು, ಇನ್ನೊಂದು ಮಾತಿಗೆ ಎಡೆ ಕೊಡದೆ ಎದ್ದೆ.

ಬಸ್ ನಿಲ್ದಾಣದವರೆಗೆ ಇಲಿಯಕ್ಕ ಜೊತೆಗೆ ಬಂದರು. ದಾರಿಯಲ್ಲಿ ಸೈಕಲ್ ಅಂಗಡಿ, ಇಸ್ತ್ರಿ ಅಂಗಡಿ, ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಗುರುತಿನವರೊಬ್ಬರು, "ಡ್ಯೂಟಿ ಮುಗೀತಾ ಸಿಸ್ಟರ್?" ಎಂದು ಕೇಳಿದರು. ಇವರು ತಲೆಯಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಬಾಯಿ ಬಿಟ್ಟರು.

"ಮೊದಲು ಇಲಿ ಅಂದ್ರೆ ಅತ್ತೆಗೆ ಹೇಸಿಗೆ ಅಂತ ಮುಚ್ಚಿಟ್ಟೆ. ಆಮೇಲೆ, ಅವುನ್ನ ಮುಗಿಸೋ ಕೈಯಲ್ಲೇ ಇವರಿಗೆ ಊಟ ಬಡಿಸ್ತೀನಲ್ಲ, ಹೇಗೆ ಹೇಳೋದು ಅಂತ ಮುಚ್ಚಿಟ್ಟೆ. ಈಗ ಕದ್ದು ತುತ್ತು ಕೊಟ್ಟಿದ್ದೂ ಸೇರ್ಕೊಂಡಿದೆ. ಕೈಗುಣ ಕೈಗುಣ ಅಂತ ಅವರು ಊರೆಲ್ಲ ಹೇಳ್ಕೊಂಡು ಬರ್ತಾರೆ. ಕೇಳಿದಾಗಲೆಲ್ಲ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತೆ."

ಹೇಗೂ ಹೆಸರು ಹಾಕುವುದಿಲ್ಲ, ಅತ್ತೆಯ ಮಾತನ್ನೂ ಮನೆಯ ವಿವರವನ್ನೂ ಬಿಟ್ಟು ಬರೆಯುತ್ತೇನೆ, ಯಾರಿಗೂ ಗುರುತು ಸಿಗುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವರಿಗೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತು ನನ್ನ ದನಿಯಲ್ಲಿ ಇದ್ದಿರಬೇಕು. ಅವರು ನಡೆಯುವುದನ್ನು ನಿಲ್ಲಿಸಿದರು.

"ಇದು ಯಾವತ್ತು ಬರುತ್ತೆ?"

"ಭಾನುವಾರ."

"ಅತ್ತೆಗೆ ಕಣ್ಣು ಕಾಣಲ್ವಲ್ಲ ಸರ್, ಭಾನುವಾರದ ಪೇಪರ್ ಪೂರ್ತಿ ನಾನೇ ಓದಿ ಹೇಳೋದು. ಬೇಜಾರಿನ ಸುದ್ದಿ ಬಂದ್ರೆ ಹಾರಿಸಿಬಿಡ್ತೀನಿ. ಅವರಿಗೆ ಗೊತ್ತಾಗಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಬಾಯಲ್ಲಿ ಹೇಳೋಕೆ ಎಷ್ಟು ಸಲ ಹೋದ್ರೂ ಆಗ್ಲಿಲ್ಲ. ನೀವು ಬರೀರಿ. ಇಲಿನೂ ಬರೀರಿ, ಗ್ಯಾಸೂ ಬರೀರಿ, ಅಣ್ಣನ ಕನ್ನಡಕಾನೂ ಬರೀರಿ. ಬಾಗಿಲಿಗೆ ಬೆನ್ನು ಮಾಡಿ ಇಟ್ಟೆ ಅನ್ನೋದನ್ನೂ ಬಿಡಬೇಡಿ. ಓದ್ತೀನಿ. ಆಮೇಲೆ ನನ್ನ ಕೈಯೂಟ ಬೇಕೋ ಬೇಡ್ವೋ, ಅವರೇ ಹೇಳ್ಲಿ."

ಬಸ್ಸು ಬಂತು. ನಾನು ಹತ್ತಿದೆ. ಅವರು ಹೇಳಿದ್ದನ್ನೆಲ್ಲ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ.

ಬೆತ್ತದ ಕುರ್ಚಿಯಲ್ಲಿ ಕೂತಿರುವ ಅಮ್ಮಾ, ನಾನು ನೋಡಿದ್ದು ಮಕ್ಕಳನ್ನಲ್ಲ. ಅಂದು ನಿಮ್ಮ ಮುಂದೆ ಹೂಂ ಎಂದಿದ್ದಕ್ಕೆ ನಾಚಿಕೆಯಾಗುತ್ತಿದೆ. ಈ ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ, ಓದುತ್ತಿರುವ ನಿಮ್ಮ ಸೊಸೆ ಒಂದು ಸಾಲನ್ನೂ ಹಾರಿಸಿಲ್ಲ ಎಂದು ತಿಳಿಯಿರಿ.